ಪರವಾನಗಿ ಪರೀಕ್ಷೆಯ ಭಯ: ಬಗ್ದಾದಿನಿಂದ ಬೆರಳತುದಿಯವರೆಗೆ

ವೃತ್ತಿ ಪರವಾನಗಿಗಾಗಿ ಪರೀಕ್ಷೆ ಬರೆಯುವವರ ಆತಂಕ ಶಾಲಾ ಮಕ್ಕಳ ಪರೀಕ್ಷಾ ಭಯಕ್ಕಿಂತ ಬೇರೆ ತೆರನಾದುದು. ಶಾಲೆಯಲ್ಲಿ ಅನುತ್ತೀರ್ಣರಾದರೆ ಒಂದು ವರ್ಷ ಹೋಗಬಹುದು. ಇಲ್ಲಿ ಅನ್ನದ ದಾರಿಯೇ ಮುಚ್ಚಬಹುದು. ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳಲ್ಲಿ ಕೆಲಸ ಬಯಸುವ ನಮ್ಮ ಕರಾವಳಿಯ ನರ್ಸ್‌ಗಳನ್ನೇ ನೋಡಿ. ಅಲ್ಲಿನ ಲೈಸೆನ್ಸ್ ಪರೀಕ್ಷೆಗೆ ಅವರು ಒಬ್ಬರೇ ಹೋಗುವುದಿಲ್ಲ. ಮನೆಯ ಸಾಲ, ತಂಗಿಯ ಮದುವೆ, ತಂದೆಯ ಔಷಧಿಯ ಖರ್ಚು ಎಲ್ಲವೂ ಅವರ ಜೊತೆ ಪರೀಕ್ಷಾ ಕೊಠಡಿಯೊಳಗೆ ಬಂದು ಕೂರುತ್ತವೆ. ಇಂಥವರಿಗೆ ಇಂದು ಸೂಚಿಸಲಾಗುವ ಉಪಾಯಗಳಲ್ಲೊಂದು 'ಟ್ಯಾಪಿಂಗ್', ಅಂದರೆ ಮುಖ ಮತ್ತು ಮೈಯ ಕೆಲವು ಜಾಗಗಳನ್ನು ಬೆರಳತುದಿಯಿಂದ ಮೆಲ್ಲಗೆ ತಟ್ಟಿಕೊಳ್ಳುವುದು. ಇದನ್ನು ನಂಬುವ ಅಥವಾ ನಗೆಯಾಡುವ ಮುನ್ನ ಈ ಭಯದ ಇತಿಹಾಸವನ್ನೊಮ್ಮೆ ನೋಡುವುದು ಒಳ್ಳೆಯದು.

ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಅಬ್ಬಾಸಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಆಸ್ಥಾನದ ವೈದ್ಯ ಸಿನಾನ್ ಇಬ್ನ್ ಸಾಬಿತ್ ಪರೀಕ್ಷಿಸಿ ಅನುಮತಿ ನೀಡದ ಹೊರತು ಯಾರೂ ವೈದ್ಯವೃತ್ತಿ ನಡೆಸಬಾರದೆಂದು ಆತ ಆಜ್ಞೆ ಹೊರಡಿಸಿದ. ಹೆಸರಾಂತ ವೈದ್ಯರಿಗೂ ಅರಮನೆಯ ಸೇವೆಯಲ್ಲಿದ್ದವರಿಗೂ ವಿನಾಯಿತಿ ಇತ್ತು. ಉಳಿದವರ ಸಂಖ್ಯೆಯೇ 860ನ್ನು ಮೀರಿತ್ತೆಂದು ಮಧ್ಯಯುಗದ ಅರಬಿ ಚರಿತ್ರೆಕಾರರು ದಾಖಲಿಸಿದ್ದಾರೆ.

ಪರೀಕ್ಷೆಗೆ ಬಂದವರಲ್ಲಿ ಒಳ್ಳೆಯ ಉಡುಪಿನ, ಗಂಭೀರ ಮುಖದ ವೃದ್ಧನೊಬ್ಬನಿದ್ದ. ಆತನನ್ನು ವಿದ್ವಾಂಸನೆಂದು ಭಾವಿಸಿದ ಸಿನಾನ್, ಗುರುಗಳು ಯಾರೆಂದು ವಿಚಾರಿಸಿದ. ವೃದ್ಧ ದೀನಾರುಗಳಿದ್ದ ಪೊಟ್ಟಣವನ್ನು ಮುಂದಿಟ್ಟು, ತನಗೆ ಸರಿಯಾಗಿ ಓದು ಬರಹ ಬಾರದೆಂದೂ ಸಂಸಾರ ಈ ವೃತ್ತಿಯಿಂದಲೇ ನಡೆಯುತ್ತಿದೆಯೆಂದೂ ಅದನ್ನು ಕಡಿಯಬೇಡವೆಂದೂ ಬೇಡಿಕೊಂಡ. ಸಿನಾನ್ ನಕ್ಕು ಅನುಮತಿ ಕೊಟ್ಟ. ಆದರೆ ಒಂದು ಷರತ್ತು ಹಾಕಿದ: ತಿಳಿಯದ ರೋಗಕ್ಕೆ ಕೈಹಾಕಬಾರದು, ಸಣ್ಣಪುಟ್ಟ ಕಾಯಿಲೆಗಳ ಹೊರತು ರಕ್ತ ತೆಗೆಯುವುದಾಗಲಿ ಭೇದಿ ಮಾಡಿಸುವುದಾಗಲಿ ಕೂಡದು. ತಾನು ಇಡೀ ಆಯುಷ್ಯದಲ್ಲಿ ಪಾನಕಗಳನ್ನು ಮೀರಿ ಹೋದವನೇ ಅಲ್ಲವೆಂದು ವೃದ್ಧ ಉತ್ತರಿಸಿದ. ಮರುದಿನ ಬಂದ ಯುವಕ ಆತನ ಮಗ, ಅಪ್ಪನೇ ಗುರು. ಅಪ್ಪನ ದಾರಿಯನ್ನು ಮೀರಬೇಡವೆಂದು ಹೇಳಿ ಸಿನಾನ್ ಅವನನ್ನೂ ಕಳುಹಿಸಿದ.

ಈ ಪ್ರಸಂಗವನ್ನು ಸಾಮಾನ್ಯವಾಗಿ ವಿನೋದಕ್ಕಾಗಿ ಹೇಳಲಾಗುತ್ತದೆ. ಆದರೆ ಆ ಪೊಟ್ಟಣ ಹಿಡಿದ ಕೈ ನಡುಗಿರಲಾರದೇ? ಪರೀಕ್ಷೆ ಹುಟ್ಟಿದ್ದು ರೋಗಿಯ ಜೀವ ಉಳಿಸಲು. ಭಯ ಹುಟ್ಟಿದ್ದು ಪರೀಕ್ಷಾರ್ಥಿಯ ಹೊಟ್ಟೆಪಾಡಿನಿಂದ. ಎರಡೂ ನ್ಯಾಯವಾದವುಗಳೇ.

ಅದೇ ಕಾಲದಲ್ಲಿ, ಇಂದಿನ ಅಫ್ಘಾನಿಸ್ತಾನದ ಬಲ್ಖ್‌ನಲ್ಲಿ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರಿದ್ದರು. 934ರಲ್ಲಿ ನಿಧನರಾದ ಅವರು ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಒಂದು ಗ್ರಂಥ ರಚಿಸಿದ್ದರು. ವೈದ್ಯರು ದೇಹದ ಬಗ್ಗೆಯಷ್ಟೇ ಬರೆದು ಮನಸ್ಸಿನ ನೋವನ್ನು ಕಡೆಗಣಿಸಿದ್ದಾರೆ ಎಂಬುದು ಅವರ ಆಕ್ಷೇಪವಾಗಿತ್ತು. ಭಯದ ಬಗ್ಗೆ ಅವರು ಕೊಡುವ ಉಪಮೆ ಸೊಗಸಾಗಿದೆ. ಮಂಜನ್ನೇ ಕಾಣದ ಮರುಭೂಮಿಯವನಿಗೆ ದೂರದಿಂದ ಅದು ದಾಟಲಾಗದ ಗೋಡೆಯಂತೆ ಕಾಣುತ್ತದೆ. ಒಳಹೊಕ್ಕರೆ ಬರೀ ತೇವದ ಗಾಳಿ. ಅವರು ಹೇಳುವ ಪರಿಹಾರವೂ ಸರಳ: ಮನೆಯಲ್ಲಿ ಔಷಧಿ ಕೂಡಿಡುವಂತೆ, ಮನಸ್ಸು ಶಾಂತವಾಗಿರುವಾಗಲೇ ಧೈರ್ಯದ ವಿಚಾರಗಳನ್ನು ಕೂಡಿಟ್ಟುಕೊಳ್ಳಬೇಕು.

ಇನ್ನು ಟ್ಯಾಪಿಂಗ್‌ಗೆ ಬರೋಣ. 1980ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಮನಃಶಾಸ್ತ್ರಜ್ಞ ರೋಜರ್ ಕ್ಯಾಲಹನ್, ನೀರಿನ ಭಯವಿದ್ದ ಮಹಿಳೆಯೊಬ್ಬರಿಗೆ ಕಣ್ಣಿನ ಕೆಳಭಾಗವನ್ನು ತಟ್ಟಿಕೊಳ್ಳಲು ಹೇಳಿದರು. ಆಕೆಯ ಭಯ ಮಾಯವಾಯಿತೆಂದು ಪ್ರಕಟಿಸಿದರು. ಚೀನಾದ ಅಕ್ಯುಪಂಕ್ಚರ್ ಹೇಳುವ ಶಕ್ತಿನಾಡಿಗಳೇ ಇದಕ್ಕೆ ಕಾರಣವೆಂಬುದು ಅವರ ವಾದ. ಒಂದೊಂದು ಭಯಕ್ಕೂ ತಟ್ಟುವ ಒಂದೊಂದು ಕ್ರಮವನ್ನು ಅವರು ರೂಪಿಸಿದರು. ಅವರಲ್ಲಿ ಕಲಿತ ಗ್ಯಾರಿ ಕ್ರೇಗ್ ಎಂಬ ಇಂಜಿನಿಯರಿಂಗ್ ಪದವೀಧರರು 1990ರ ದಶಕದಲ್ಲಿ ಎಲ್ಲ ಭಯಗಳಿಗೂ ಒಂದೇ ಕ್ರಮ ಸಾಕೆಂದರು. ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡುವುದು, ಅದನ್ನು ಬಾಯಿಬಿಟ್ಟು ಹೇಳಿ ತನ್ನನ್ನು ತಾನು ಒಪ್ಪಿಕೊಳ್ಳುವುದು, ಬಳಿಕ ಹುಬ್ಬು, ಕಣ್ಣಿನ ಬದಿ, ಮೂಗಿನ ಕೆಳಗೆ, ಗಲ್ಲ, ಕೊರಳಿನ ಎಲುಬು ಮೊದಲಾದೆಡೆ ತಟ್ಟುವುದು. ಕ್ರಮ ಬದಲಾದರೂ ಫಲ ಒಂದೇ ಎಂದಾದರೆ ಕ್ರಮಕ್ಕೇನು ಮಹತ್ವ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

2003ರಲ್ಲಿ ಪ್ರಕಟವಾದ ವೇಟ್ ಮತ್ತು ಹೋಲ್ಡರ್ ಎಂಬವರ ಪ್ರಯೋಗ ಈ ಪ್ರಶ್ನೆಗೆ ಉತ್ತರ ಹುಡುಕಿತು. 119 ವಿದ್ಯಾರ್ಥಿಗಳನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪು ಹೇಳಿದ ಜಾಗಗಳಲ್ಲೇ ತಟ್ಟಿಕೊಂಡಿತು, ಇನ್ನೊಂದು ಸಂಬಂಧವಿಲ್ಲದ ಜಾಗಗಳಲ್ಲಿ, ಮತ್ತೊಂದು ಗೊಂಬೆಯನ್ನು ತಟ್ಟಿತು. ಮೂರೂ ಗುಂಪುಗಳಲ್ಲಿ ಭಯ ಒಂದೇ ರೀತಿ ಇಳಿಯಿತು. ತಟ್ಟದ ನಾಲ್ಕನೆಯ ಗುಂಪಿನಲ್ಲಿ ಇಳಿಯಲಿಲ್ಲ. ಆ ಬಳಿಕ ಟ್ಯಾಪಿಂಗ್ ಪರವಾಗಿ ಅನೇಕ ಅಧ್ಯಯನಗಳು ಬಂದಿವೆ. ಆದರೆ ಶಕ್ತಿನಾಡಿಗಳ ವಾದಕ್ಕೆ ವೈಜ್ಞಾನಿಕ ಆಧಾರ ಸಿಕ್ಕಿಲ್ಲ.

ಹಾಗಾದರೆ ಫಲ ಕೊಡುವುದು ಯಾವುದು? ಭಯಕ್ಕೆ ಹೆಸರಿಡುವುದು, ಒಂದು ಗಳಿಗೆ ನಿಲ್ಲುವುದು, ಗಮನವನ್ನು ಮೈಯ ಕಡೆಗೆ ತಿರುಗಿಸುವುದು ಎಂದು ಊಹಿಸಲು ಕಾರಣಗಳಿವೆ. ಪರೀಕ್ಷೆಗೆ ಮುನ್ನ 10 ನಿಮಿಷ ತಮ್ಮ ಆತಂಕವನ್ನು ಕಾಗದದ ಮೇಲೆ ಬರೆದವರು ಹೆಚ್ಚು ಅಂಕ ಗಳಿಸಿದರೆಂದು ರಮಿರೆಝ್ ಮತ್ತು ಬೈಲಾಕ್ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಅಲ್ಲಿ ತಟ್ಟುವುದೇನೂ ಇರಲಿಲ್ಲ.

ಆದ್ದರಿಂದ ಪರೀಕ್ಷಾ ಕೇಂದ್ರದ ಹೊರಗೆ ಗಲ್ಲ ತಟ್ಟಿಕೊಳ್ಳುತ್ತಾ ಕುಳಿತ ಹೆಣ್ಣುಮಗಳನ್ನು ನಾವು ಗೇಲಿ ಮಾಡಬೇಕಾಗಿಲ್ಲ. ಅದಕ್ಕೆ ಖರ್ಚಿಲ್ಲ, ಕೇಡೂ ಇಲ್ಲ. ಆದರೆ ಗುಪ್ತ ಬಿಂದುಗಳ ಹೆಸರಿನಲ್ಲಿ ಸಾವಿರಾರು ರೂಪಾಯಿಯ ತರಬೇತಿ ಮಾರುವವರ ಬಗ್ಗೆ ಎಚ್ಚರವಿರಲಿ. ತಟ್ಟುವುದು ಓದಿಗೆ ಬದಲಿಯೂ ಅಲ್ಲ. ನಿದ್ದೆ, ಊಟ ಬಿಡಿಸುವಷ್ಟು ಭಯವಿದ್ದರೆ ವೈದ್ಯರನ್ನೇ ಕಾಣಬೇಕು. ಪರೀಕ್ಷೆಯ ಭಯವನ್ನು ಪೂರ್ತಿ ಅಳಿಸಬೇಕೆಂದೂ ಇಲ್ಲ. ನಾಳೆ ತನ್ನ ಕೈಗೆ ಬರುವ ರೋಗಿಯ ಬಗ್ಗೆ ಒಂದಿಷ್ಟು ಅಳುಕು ಇರುವ ನರ್ಸ್ ಕೈಯಲ್ಲೇ ನಮ್ಮ ಜೀವ ಸುರಕ್ಷಿತ.