ಹಳೆಯ ಆಟಗಳ ಕೋಡ್ ಯಾರ ಹತ್ತಿರ ಇದೆ?

ಮೂವತ್ತು ನಲವತ್ತು ವರ್ಷ ಹಳೆಯ ವಿಡಿಯೋ ಗೇಮ್‌ಗಳನ್ನು ಒಟ್ಟು ಮಾಡಿ ಇವತ್ತಿನ ಸ್ವಿಚ್, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಮಾರುವುದು ಈಗ ಒಳ್ಳೆಯ ವ್ಯಾಪಾರ. 2022ರಲ್ಲಿ ಬಂದ 'ಅಟಾರಿ 50' ಸಂಕಲನವೊಂದರಲ್ಲೇ ನೂರಕ್ಕೂ ಹೆಚ್ಚು ಆಟಗಳಿವೆ. ಪುಣೆಯ ನಮ್ಮ ಮನೆಯಲ್ಲಿ ಮಗಳು ಇಂಥವನ್ನು ಆಡುವಾಗ ಪಕ್ಕದಲ್ಲಿ ಕೂರುವ ನನಗೆ, ದಿನವಿಡೀ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳ ಲೆಕ್ಕ ನೋಡುವ ಅಭ್ಯಾಸದಿಂದಲೋ ಏನೋ, ಬೇರೆಯೇ ಪ್ರಶ್ನೆ ಏಳುತ್ತದೆ: ಇಷ್ಟು ವರ್ಷ ಇದರ ಕೋಡನ್ನು ಯಾರು ಜೋಪಾನ ಮಾಡಿದರು? ಎಷ್ಟೋ ಆಟಗಳ ವಿಷಯದಲ್ಲಿ ಉತ್ತರ, ಯಾರೂ ಮಾಡಲಿಲ್ಲ.

ಸಂಕಲನ ಎಂಬುದು ನಮ್ಮ ತಲೆಮಾರಿಗೆ ಹೊಸದೇನಲ್ಲ. ತೊಂಬತ್ತರ ದಶಕದಲ್ಲಿ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೋ ಗೇಮ್ ನಿಮಗೆ ನೆನಪಿರಬಹುದು. ಅವುಗಳಲ್ಲಿ ಬಹಳಷ್ಟು, ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲುಗಳು. ಕ್ಯಾಸೆಟ್ ಮೇಲೆ '9999 ಇನ್ 1' ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯ ಆಟಗಳು, ಅವೇ ಮತ್ತೆ ಮತ್ತೆ. ಮಾರಿಯೋ, ಕಾಂಟ್ರಾ ನಮಗೆ ಸಿಕ್ಕಿದ್ದು ಹೀಗೆ. ಆಟವಿಡೀ ಯಂತ್ರಭಾಷೆಯಲ್ಲಿ ಚಿಪ್‌ನೊಳಗೆ ಇರುತ್ತಿದ್ದುದರಿಂದ, ಅದನ್ನು ಹಾಗೇ ಓದಿಕೊಂಡರೆ ನಕಲು ತಯಾರು. ಇವತ್ತಿನ ಅಧಿಕೃತ ಸಂಕಲನಗಳಲ್ಲಿ ಹೆಚ್ಚಿನವೂ ಚಿಪ್‌ನಲ್ಲಿ ಉಳಿದ ಈ ಯಂತ್ರಭಾಷೆಯನ್ನೇ ನಂಬಿಕೊಂಡಿವೆ. ಅದನ್ನು ನಡೆಸುವುದು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ವೇಷ ಹಾಕುವ ಪ್ರೋಗ್ರಾಮ್.

ವೇಷ ಚೆನ್ನಾಗಿ ಕೂರಬೇಕಾದರೆ ಹಳೆಯ ಯಂತ್ರದ ಕುಂಟನ್ನೂ ನಕಲು ಮಾಡಬೇಕು. 1978ರ 'ಸ್ಪೇಸ್ ಇನ್ವೇಡರ್ಸ್' ನೋಡಿ. ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ ಇದನ್ನು ಬರೆದದ್ದು ಇಂಟೆಲ್ 8080 ಪ್ರೊಸೆಸರ್‌ಗೆ. ಪರದೆಯ ಮೇಲಿನ 55 ಶತ್ರುಗಳನ್ನು ಒಟ್ಟಿಗೆ ಸರಿಸುವ ಶಕ್ತಿ ಅದಕ್ಕಿರಲಿಲ್ಲ. ಒಬ್ಬೊಬ್ಬರು ಸತ್ತ ಹಾಗೆ ಕೆಲಸ ಕಡಿಮೆಯಾಗಿ ಉಳಿದವರು ಜೋರಾಗಿ ಓಡತೊಡಗಿದರು. ಆಟಗಾರನ ಎದೆ ಬಡಿದುಕೊಳ್ಳುವಂತೆ ಮಾಡಿದ್ದೇ ಆ ಓಟ. ವೇಗದ ಹೊಸ ಯಂತ್ರದಲ್ಲಿ ಆ ನಿಧಾನವನ್ನು ಯಾರಾದರೂ 'ಸರಿಪಡಿಸಿದರೆ' ಆಟ ಸಪ್ಪೆ.

ಮೂಲ ಕೋಡೇ ಬೇಕಾದಾಗ ಏನಾಗುತ್ತದೆ ಎಂಬುದಕ್ಕೆ ಕೊನಾಮಿಯ 'ಸೈಲೆಂಟ್ ಹಿಲ್ ಎಚ್‌ಡಿ ಕಲೆಕ್ಷನ್' ಸಾಕ್ಷಿ. 2001 ಮತ್ತು 2003ರ ಎರಡು ಆಟಗಳನ್ನು 2012ರಲ್ಲಿ ಮರುಸೃಷ್ಟಿಸಲು ಹೊರಟವರ ಕೈಗೆ ಸಿಕ್ಕಿದ್ದು ಬಿಡುಗಡೆಯಾದ ಆವೃತ್ತಿಯ ಕೋಡ್ ಆಗಿರಲಿಲ್ಲ, ಅದಕ್ಕಿಂತ ಹಿಂದಿನ ಅರೆಬೆಂದದ್ದು. ಮೂಲ ತಂಡ ಆಗಲೇ ಪರಿಹರಿಸಿದ್ದ ದೋಷಗಳನ್ನು ಇವರು ಮತ್ತೆ ಪರಿಹರಿಸಬೇಕಾಯಿತು. ಆ ಆಟದ ಭಯವೆಲ್ಲ ಇದ್ದದ್ದು ಮಂಜಿನಲ್ಲಿ. ಹೊಸದರಲ್ಲಿ ಮಂಜೇ ತೆಳುವಾಯಿತೆಂದು ಅಭಿಮಾನಿಗಳು ರೇಗಿದರು. 'ಫೈನಲ್', 'ಫೈನಲ್ 2' ಎಂಬ ಫೋಲ್ಡರ್‌ಗಳನ್ನು ನೋಡಿದ ನಮ್ಮ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲವೊಮ್ಮೆ ಅದೃಷ್ಟ ಮನೆಯ ಅಟ್ಟದಲ್ಲೋ ಕಪಾಟಿನಲ್ಲೋ ಕೂತಿರುತ್ತದೆ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಕದ್ದುಮುಚ್ಚಿ ನಾವೆಲ್ಲ ಆಡಿದ 'ಪ್ರಿನ್ಸ್ ಆಫ್ ಪರ್ಷಿಯಾ' ಮೊದಲು ಬಂದದ್ದು 1989ರಲ್ಲಿ, ಆಪಲ್ 2 ಕಂಪ್ಯೂಟರ್‌ಗೆ. ಅದರ ಮೂಲ ಕೋಡ್ ಕಳೆದೇಹೋಯಿತೆಂದು ಜೋರ್ಡನ್ ಮೆಕ್ನರ್ ಕೈಚೆಲ್ಲಿದ್ದರು. 2012ರಲ್ಲಿ ಅವರ ತಂದೆಗೆ ಮನೆಯಲ್ಲೇ ಡಿಸ್ಕುಗಳ ಪೆಟ್ಟಿಗೆ ಸಿಕ್ಕಿತು. ತಿಳಿದವರು ಸೇರಿ ಡಿಸ್ಕುಗಳನ್ನು ಓದಿದರು, ಮೆಕ್ನರ್ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. ಅವರ ಇನ್ನೊಂದು ಆಟ 'ಕರಾಟೆಕಾ' ಮೇಲೆ ಡಿಜಿಟಲ್ ಎಕ್ಲಿಪ್ಸ್ 2023ರಲ್ಲಿ ತಂದ ಸಂಕಲನದಲ್ಲಿ ಆಟದ ಜೊತೆ ಕರಡು ಆವೃತ್ತಿಗಳು, ಪತ್ರಗಳು, ತಂದೆ ಮಗನ ಮಾತು ಎಲ್ಲ ಇವೆ. ಮಗ ಎಸೆಯದೆ ಇಟ್ಟುಕೊಂಡಿದ್ದರಿಂದ ಇದು ಸಾಧ್ಯವಾಯಿತು.

ಎಲ್ಲರಿಗೂ ಇಂಥ ಪೆಟ್ಟಿಗೆ ಇಲ್ಲ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಕೊಳ್ಳಲು ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಅಂದಾಜು ಮಾಡಿತು. ಸಂಕಲನಗಳಲ್ಲಿ ನಮಗೆ ಕಾಣುವುದು ಮಾರಾಟವಾಗುವ ಹೆಸರುಗಳು ಮಾತ್ರ. ಉಳಿದವನ್ನು ಯಾವುದೋ ಊರಿನ ಹವ್ಯಾಸಿಯೊಬ್ಬ ಇಟ್ಟುಕೊಂಡಿದ್ದರೆ ಉಂಟು.

ಕನ್ನಡದವರಿಗೆ ಈ ಕಷ್ಟ ಪರಿಚಿತವೇ. ಯೂನಿಕೋಡ್ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳಲ್ಲಿ ನಾವು ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತವೆ. ಆಸಕ್ತರು ಬಿಡುವಿನ ವೇಳೆಯಲ್ಲಿ ಬರೆದ ಪರಿವರ್ತಕಗಳಿಂದ ಒಂದಷ್ಟು ಓದಲು ಸಿಗುತ್ತಿವೆ. ನಿಮ್ಮ ಊರಿನ ಮನೆಯಲ್ಲಿ ಹಳೆಯ ಫ್ಲಾಪಿ, ಸಿಡಿಗಳಿದ್ದರೆ ಈ ಸಲ ಹಬ್ಬಕ್ಕೆ ಹೋದಾಗ ಒಮ್ಮೆ ತೆಗೆದು ನೋಡಿ. ಫ್ಲಾಪಿಯ ಅಯಸ್ಕಾಂತದ ಪದರ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಸಾಯುತ್ತಿರುತ್ತದೆ.