ದೊಡ್ಡಮ್ಮನ ಫೈಲು: ಯಲಹಂಕದಿಂದ ಆರು ತಿಂಗಳ ವೀಸಾ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಿರೋರಿಗೆ ವಿಶೇಷ ನಮಸ್ಕಾರ. ನಿಮಗೆ ಇಡೀ ಸಂಚಿಕೆ ಕೇಳೋಷ್ಟು ಟೈಮಿದೆ.

ಇವತ್ತಿನ ಕಥೆ ಒಂದು ಫೈಲಿನದು. ಹಸಿರು ರಟ್ಟಿನ, ದಾರ ಕಟ್ಟೋ ಸರ್ಕಾರಿ ಫೈಲು. ಯಲಹಂಕ ನ್ಯೂ ಟೌನಿನಲ್ಲಿ ನಮ್ಮ ದೊಡ್ಡಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇರುತ್ತೆ. ಮೇಲೆ ದೊಡ್ಡಪ್ಪನ ಕೈಬರಹದಲ್ಲಿ ಒಂದೇ ಪದ: ‘ವೀಸಾ’. ಉತ್ತರ ಬೆಂಗಳೂರಲ್ಲಿ ಇಂಥ ಫೈಲು ಇರೋ ಮನೆಗಳು ತುಂಬಾ ಇವೆ. ಸಂಜೆ ಸಂಜಯನಗರದ ಯಾವುದಾದರೂ ಪಾರ್ಕಿನಲ್ಲಿ ಒಂದು ರೌಂಡ್ ಹಾಕಿ ನೋಡಿ, ‘ನಿಮ್ಮದು ಸ್ಟ್ಯಾಂಪಿಂಗ್ ಆಯ್ತಾ?’ ಅನ್ನೋ ಮಾತು ಕಿವಿಗೆ ಬೀಳದೇ ಇರಲ್ಲ.

ಯಾಕೆ ಇಲ್ಲಿ ಇಷ್ಟು? ಜಾಲಹಳ್ಳಿಯಲ್ಲಿ ಎಚ್ಎಂಟಿ ಬಂದಿದ್ದು 1953ರಲ್ಲಿ, ಬಿಇಎಲ್ 1954ರಲ್ಲಿ. ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆ, ಹಳಬರ ಬಾಯಲ್ಲಿ ಇವತ್ತಿಗೂ ‘ವೀಲ್ ಅಂಡ್ ಆಕ್ಸಲ್’, 1984ರಲ್ಲಿ. ಒಂದು ಕಡೆ ಐಐಎಸ್‌ಸಿ, ಇನ್ನೊಂದು ಕಡೆ ಜಿಕೆವಿಕೆ. ಸರ್ಕಾರಿ ಸಂಬಳ, ಸೈಟು, ಮಕ್ಕಳಿಗೆ ಇಂಜಿನಿಯರಿಂಗ್ ಸೀಟು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, 1990ರ ಅಮೆರಿಕದ ಕಾಯ್ದೆಯಿಂದ ಎಚ್‌-1ಬಿ ವೀಸಾ ಬಂತು. ಮಿಕ್ಕ ಕಥೆ ನಿಮಗೇ ಗೊತ್ತು. ಲೇತ್ ಮೆಷಿನ್ ಮುಂದೆ ನಿಂತ ಅಪ್ಪಂದಿರ ಮಕ್ಕಳು ಕೋಡ್ ಬರೀತಾ ಕ್ಯಾಲಿಫೋರ್ನಿಯಾ ಸೇರಿದರು.

ಆಮೇಲೆ ಮಗಳು ಬಸುರಿ ಅಂತ ಫೋನ್ ಬಂತು.

ಇಲ್ಲೇ ನೋಡಿ, ಒಂದು ಹಳೇ ಪದ್ಧತಿ ತಲೆಕೆಳಗಾಯ್ತು. ನಮ್ಮಲ್ಲಿ ಸೀಮಂತ ಮುಗಿಸಿ ಮಗಳು ತವರಿಗೆ ಬರ್ತಾಳೆ, ಬಾಣಂತನ ಮುಗಿಸಿಕೊಂಡು ಮಗು ಎತ್ತಿಕೊಂಡು ಹೋಗ್ತಾಳೆ. ಈಗ ತವರೇ ವಿಮಾನ ಹತ್ತಬೇಕು. ಬಾಣಂತಿ ಲೇಹ್ಯ, ಸಾರಿನಪುಡಿ, ಹಳೇ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆ, ಎಲ್ಲ ಸೂಟ್‌ಕೇಸಿಗೆ. ಬಾಣಂತನ ವಾರದಲ್ಲಿ ಮುಗಿಯೋದಲ್ಲವಲ್ಲ, ಅದಕ್ಕೇ ಬೇಕು ಆರು ತಿಂಗಳು. ಮತ್ತೆ, ಬಾಣಂತನಕ್ಕೆ ಅಂತ ಅಮೆರಿಕದಲ್ಲಿ ಬೇರೆ ವೀಸಾ ಇಲ್ಲ. ದೊಡ್ಡಮ್ಮ ಹೋಗಬೇಕಾಗಿದ್ದು ಪ್ರವಾಸಿ ವೀಸಾದಲ್ಲಿ, ಬಿ-2. ನೆಂಟರನ್ನ ನೋಡೋಕೆ ಹೋಗೋದೂ ಅದರಲ್ಲೇ, ಗ್ರ್ಯಾಂಡ್ ಕ್ಯಾನಿಯನ್ ನೋಡೋಕೆ ಹೋಗೋದೂ ಅದರಲ್ಲೇ.

ಸ್ವಲ್ಪ ಹಿಂದಕ್ಕೆ ಹೋಗೋಣ.

ಯಲಹಂಕದಿಂದ ದೇವನಹಳ್ಳಿ ದಾಟಿ ಮುಂದೆ ಹೋದರೆ ಮುದ್ದೇನಹಳ್ಳಿ, ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರು ಮೊದಲ ಸಲ ಹೊರದೇಶಕ್ಕೆ ಹೋಗಿದ್ದು 1898ರಲ್ಲಿ, ಜಪಾನಿಗೆ. ಹೊರಡೋ ಮೊದಲು ಕೌಂಟರ್ ಮುಂದೆ ನಿಂತು ‘ನಾನು ವಾಪಸ್ ಬರ್ತೀನಿ ಸ್ವಾಮಿ’ ಅಂತ ಸಾಬೀತು ಮಾಡೋ ಪದ್ಧತಿ ಆಗ ಇರಲಿಲ್ಲ. ಹಡಗಿನ ಟಿಕೆಟ್ಟಿಗೆ ದುಡ್ಡು ಇರಬೇಕಿತ್ತು, ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅನ್ನೋರ ಬಾಯಿಗೆ ಉತ್ತರ ಇರಬೇಕಿತ್ತು.

ಹಾಗಂತ ಆ ಕಾಲ ಎಲ್ಲರಿಗೂ ತೆರೆದ ಬಾಗಿಲು ಅಂದ್ಕೋಬೇಡಿ. 1914ರಲ್ಲಿ 376 ಜನ ಇದ್ದ ಕೊಮಗಾಟ ಮಾರು ಹಡಗು ಕೆನಡಾದ ವ್ಯಾಂಕೂವರ್ ಮುಟ್ಟಿತು. ಅವರಲ್ಲಿ ಹೆಚ್ಚಿನವರು ಪಂಜಾಬಿನವರು, ಎಲ್ಲರೂ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳೇ. ಕೆಲವೇ ಜನರನ್ನ ಇಳಿಸಿಕೊಂಡು, ಎರಡು ತಿಂಗಳು ನೀರಲ್ಲೇ ನಿಲ್ಲಿಸಿ ಹಡಗನ್ನ ವಾಪಸ್ ಕಳಿಸಿದರು. ಮೊದಲ ಮಹಾಯುದ್ಧ ಶುರುವಾದ ಮೇಲಂತೂ ದೇಶಗಳೆಲ್ಲ ಗಡಿಗೆ ಕಾಗದದ ಬೇಲಿ ಹಾಕಿದವು, ಯುದ್ಧ ಮುಗಿದ ಮೇಲೂ ತೆಗೀಲಿಲ್ಲ. ನಮ್ಮಲ್ಲಿ 1920ರಲ್ಲಿ ಪಾಸ್‌ಪೋರ್ಟ್ ಕಾಯ್ದೆ ಬಂತು. ಆಗ ಯಲಹಂಕ, ಹೆಬ್ಬಾಳ ಎಲ್ಲ ಮೈಸೂರು ಸಂಸ್ಥಾನ. ಹಾಗಾಗಿ ಇಲ್ಲಿಯವರು ಪಾಸ್‌ಪೋರ್ಟ್ ಪುಸ್ತಕದಲ್ಲಿ ಬ್ರಿಟಿಷ್ ಪ್ರಜೆಗಳಲ್ಲ, ‘ಬ್ರಿಟಿಷ್ ರಕ್ಷಣೆಯಲ್ಲಿರುವ ವ್ಯಕ್ತಿ’. ಕಂಟೋನ್ಮೆಂಟ್ ಕಡೆ ಆಡಳಿತವೇ ಬೇರೆ. ನಾಲ್ಕು ಮೈಲಿ ಅಂತರದಲ್ಲಿ ಎರಡು ರಾಜ್ಯಭಾರ.

ಸ್ವಾತಂತ್ರ್ಯ ಬಂದ ಮೇಲೆ ಸಲೀಸಾಯ್ತಾ? ಇಲ್ಲ. ನನಗೆ ಓದಿ ಆಶ್ಚರ್ಯ ಆಗಿದ್ದು ಇದೇ. ಬಹಳ ವರ್ಷ ದೊಡ್ಡ ಗೋಡೆ ಇದ್ದಿದ್ದು ಆ ಕಡೆ ಅಲ್ಲ, ಈ ಕಡೆ. ಪಾಸ್‌ಪೋರ್ಟ್ ಅನ್ನೋದು ಸರ್ಕಾರದ ಕೃಪೆ. ಕೊಟ್ಟರೆ ಕೊಟ್ಟರು, ಇಲ್ಲಾಂದ್ರೆ ಇಲ್ಲ. 1966ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಅನ್ನೋ ವ್ಯಾಪಾರಿಗೆ ಸರ್ಕಾರ ‘ಪಾಸ್‌ಪೋರ್ಟ್ ವಾಪಸ್ ಕೊಡಿ’ ಅಂದಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲ್ 10ರಂದು ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಇದ್ದ ಪೀಠ, ಮೂರಕ್ಕೆ ಎರಡರ ಬಹುಮತದಲ್ಲಿ, ಹೊರದೇಶಕ್ಕೆ ಹೋಗೋದೂ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತು. ಮರುದಿನವೇ ಸುಬ್ಬರಾವ್ ಹುದ್ದೆ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು, ಅದು ಬೇರೆ ಸಂಚಿಕೆಗಾಗುವ ಕಥೆ. ಪಾಸ್‌ಪೋರ್ಟ್ ಕೊಡೋಕೆ, ನಿರಾಕರಿಸೋಕೆ ಒಂದು ಕಾನೂನೇ ಬೇಕಾಯ್ತು. ಅದೇ ವರ್ಷ ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ಬಂತು. ಇವತ್ತು ನಿಮ್ಮ ಕೈಲಿರೋ ಪುಸ್ತಕ ಅದರದ್ದೇ ಕೂಸು. 1978ರ ಮೇನಕಾ ಗಾಂಧಿ ಕೇಸು ನಿಮ್ಮಲ್ಲಿ ಲಾ ಓದ್ತಿರೋರಿಗೆ ಬಾಯಿಪಾಠ ಇರುತ್ತೆ. ಅದೂ ಶುರುವಾಗಿದ್ದು ಒಂದು ಪಾಸ್‌ಪೋರ್ಟ್ ಕಿತ್ಕೊಂಡಿದ್ದರಿಂದಲೇ.

ಇನ್ನೊಂದು ಗೋಡೆ ದುಡ್ಡಿನದು. ಡಾಲರ್ ಬೇಕಾದರೆ ರಿಸರ್ವ್ ಬ್ಯಾಂಕಿನ ಲೆಕ್ಕಾಚಾರ. ಜೇಬಲ್ಲಿ ಎಂಟು ಡಾಲರ್ ಇಟ್ಕೊಂಡು ಅಮೆರಿಕಕ್ಕೆ ಬಂದಿಳಿದ್ವಿ ಅಂತ 60, 70ರ ದಶಕದಲ್ಲಿ ಹೋದವರು ಹೇಳೋದನ್ನ ಕೇಳಿರ್ತೀರಿ. ಈಗ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು. ಆ ಯೋಜನೆ 2004ರಲ್ಲಿ 25,000ದಿಂದ ಶುರುವಾಯ್ತು.

ಹೀಗೆ ಈ ಕಡೆ ಗೋಡೆ ಇಳೀತಾ ಬಂತು, ಆ ಕಡೆ ಏರ್ತಾ ಬಂತು. ಬ್ರಿಟನ್ನಿಗೆ ಸುಮ್ಮನೆ ನೋಡ್ಕೊಂಡು ಬರೋಕೆ ಹೋಗೋ ಭಾರತೀಯರಿಗೆ ವೀಸಾ ಕಡ್ಡಾಯ ಆಗಿದ್ದೇ 1986ರಲ್ಲಿ. ಅಮೆರಿಕ 1965ರ ಕಾನೂನಿನಲ್ಲಿ ದೇಶವಾರು ಹಳೇ ಕೋಟಾ ತೆಗೆದು ವಲಸಿಗರಿಗೆ ಬಾಗಿಲು ತೆರೆಯಿತು. ಅದಕ್ಕೆ ಮೊದಲು ಭಾರತೀಯರಿಗೆ ಇದ್ದ ಕೋಟಾ ವರ್ಷಕ್ಕೆ 100. ಆದರೆ ನೋಡ್ಕೊಂಡು ವಾಪಸ್ ಬರ್ತೀವಿ ಅನ್ನೋರಿಗೆ 1952ರ ಕಾಯ್ದೆಯ ಒಂದು ಸಾಲು ಹಾಗೇ ಉಳೀತು. ಸೆಕ್ಷನ್ 214(ಬಿ). ವೀಸಾ ಸಿಗದೆ ಬಂದವರ ಕೈಲಿ ಚೀಟಿ ಮೇಲೆ ಕಾಣೋದು ಬಹುಪಾಲು ಇದೇ ನಂಬರು.

ಏನು ಹೇಳುತ್ತೆ ಅದು? ಬರ್ತೀನಿ ಅನ್ನೋ ಪ್ರತಿಯೊಬ್ಬರನ್ನೂ ಅಲ್ಲೇ ನೆಲೆಸೋಕೆ ಬರೋರು ಅಂತಲೇ ಮೊದಲು ಎಣಿಸಬೇಕು. ಅಲ್ಲ ಅಂತ ಅಧಿಕಾರಿಗೆ ಮನವರಿಕೆ ಮಾಡೋ ಹೊಣೆ ಅರ್ಜಿದಾರರದು. ಕೋರ್ಟಿನಲ್ಲಿ ಆರೋಪಿಯನ್ನ ಸಾಬೀತಾಗೋ ತನಕ ನಿರಪರಾಧಿ ಅಂತೀವಲ್ಲ, ಅದರ ಉಲ್ಟಾ. ಇದರಲ್ಲಿ ಒಂದು ತಮಾಷೆ ಇದೆ. ಎಚ್‌-1ಬಿ ಮೇಲೆ ಹೋಗೋರಿಗೆ ಈ ಅನುಮಾನದಿಂದ 1990ರ ಕಾಯ್ದೆ ವಿನಾಯಿತಿ ಕೊಟ್ಟಿತು. ಅಂದ್ರೆ ಅಲ್ಲೇ ಉಳಿಯೋ ಆಸೆ ಇರೋ ಅಳಿಯನನ್ನ ಯಾರೂ ‘ವಾಪಸ್ ಬರ್ತೀಯಾ?’ ಅಂತ ಕೇಳಲ್ಲ. ಹೋಗೋ ದಿನವೇ ವಾಪಸ್ ಬರೋ ದಿನ ಎಣಿಸೋ ಅತ್ತೆಯನ್ನ ಕೇಳ್ತಾರೆ. ಕಾನೂನಿಗೆ ಅದರದೇ ತರ್ಕ ಇದೆ, ವೀಸಾ ಮುಗಿದ ಮೇಲೂ ಉಳಿದುಬಿಡೋರು ಇದ್ದೇ ಇದ್ದಾರೆ. ಆದರೂ ನನಗೆ ಇದು ವಿಚಿತ್ರ ಅನ್ನಿಸುತ್ತೆ.

ಈಗ ದೊಡ್ಡಮ್ಮನ ಫೈಲಿಗೆ ಬರೋಣ. 2004ರ ಶುರು. ಅಕ್ಕನಿಗೆ ಮೇನಲ್ಲಿ ಹೆರಿಗೆ. ದೊಡ್ಡಪ್ಪ ವೀಲ್ ಅಂಡ್ ಆಕ್ಸಲ್‌ನಿಂದ ರಿಟೈರ್ ಆಗಿ ಒಂದು ವರ್ಷವೂ ಆಗಿರಲಿಲ್ಲ. ಅವರ ಕಾಗದ ಎಲ್ಲ ಇಸ್ತ್ರಿ ಹೊಡೆದ ಹಾಗೆ: ಸರ್ವಿಸ್ ದಾಖಲೆ, ಪಿಂಚಣಿ ಆದೇಶ, ಖಾತಾ, ಕಂದಾಯ ರಸೀದಿ, ಎಫ್‌ಡಿ. ದೊಡ್ಡಮ್ಮನ ಹತ್ತಿರ? ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಹುಟ್ಟಿದ ತಾರೀಖು ಜೂನ್ 1. ಆ ಕಾಲದಲ್ಲಿ ಶಾಲೆಗೆ ಸೇರಿಸೋವಾಗ ಮೇಷ್ಟ್ರು ಬರೆದಿದ್ದೇ ಹುಟ್ಟುಹಬ್ಬ. ನಿಮ್ಮ ಮನೆಯ ಹಿರಿಯರಲ್ಲಿ ಎಷ್ಟು ಜನ ಜೂನ್ 1ಕ್ಕೆ ಹುಟ್ಟಿದ್ದಾರೆ ಎಣಿಸಿ ನೋಡಿ! ರೇಷನ್ ಕಾರ್ಡಲ್ಲಿ ಒಂದು ಹೆಸರು, ಮತದಾರರ ಪಟ್ಟಿಯಲ್ಲಿ ಇನ್ನೊಂದು. ಮನೆ ದೊಡ್ಡಪ್ಪನ ಹೆಸರಲ್ಲಿ, ಬ್ಯಾಂಕ್ ಖಾತೆ ಜಂಟಿ. ಬರೀ ತನ್ನ ಹೆಸರಲ್ಲೇ ಇರೋ ಒಂದು ಕಾಗದ ಆಕೆಗೆ ಇರಲಿಲ್ಲ. ಅಫಿಡವಿಟ್ ಮಾಡಿಸಿ ಪಾಸ್‌ಪೋರ್ಟ್ ತಂದಿದ್ದೇ ಮೊದಲನೆಯದು.

ಆದರೆ ಊರಿಗೆ ಕಟ್ಟಿಹಾಕಿದ್ದು ಯಾರನ್ನ? ಮನೇಲಿ ಹಾಸಿಗೆ ಹಿಡಿದ ಅತ್ತೆ. ವಾರದ ಚೀಟಿ. ಶ್ರಾವಣದ ವ್ರತ. ಹಾಲಿನವಳಿಗೆ ಕೊಟ್ಟ ಸಾಲ. ಇದಕ್ಕೆಲ್ಲ ಯಾವ ತಹಶೀಲ್ದಾರರು ಸರ್ಟಿಫಿಕೇಟ್ ಕೊಡ್ತಾರೆ?

ಅಮೆರಿಕದ ವೀಸಾಗೆ ಬೆಂಗಳೂರಿನವರ ದಾರಿ ಮೊದಲಿಂದಲೂ ಮದ್ರಾಸೇ. ರಾತ್ರಿ ಮೆಜೆಸ್ಟಿಕ್‌ನಿಂದ ಮೇಲ್ ಹತ್ತಿ, ಜೋಲಾರ್‌ಪೇಟೆ, ಕಾಟ್ಪಾಡಿ ದಾಟಿ ಬೆಳಗ್ಗೆ ಚೆನ್ನೈ ಸೆಂಟ್ರಲ್. ಅಲ್ಲೇ ಮುಖ ತೊಳ್ಕೊಂಡು, ಇಡ್ಲಿ ತಿಂದು, ಆಟೋದಲ್ಲಿ ಅಣ್ಣಾ ಸಾಲೈ, ಜೆಮಿನಿ ಫ್ಲೈಓವರ್ ಪಕ್ಕದ ಆ ಬಿಳಿ ಕಟ್ಟಡ. ಸೆಪ್ಟೆಂಬರ್ 11ರ ದಾಳಿಯ ಆಮೇಲೆ ನಿಯಮಗಳು ಬಿಗಿಯಾಗಿ, 2003ರಿಂದ ಬಹುಪಾಲು ಎಲ್ಲರೂ ಖುದ್ದಾಗಿ ಹೋಗಲೇಬೇಕಾಗಿತ್ತು. ಟ್ರೈನಿನಲ್ಲೇ ರಿಹರ್ಸಲ್. ದೊಡ್ಡಪ್ಪ ಆಫೀಸರ್, ದೊಡ್ಡಮ್ಮ ಅರ್ಜಿದಾರಳು. ‘ಯಾಕೆ ಹೋಗ್ತಿದೀರಿ ಅಂದ್ರೆ ಏನಂತೀಯ?’ ‘ಮಗಳ ಬಾಣಂತನಕ್ಕೆ.’ ‘ಹಾಗನ್ನಬೇಡ, ಟೂರಿಸಂ ಅನ್ನು.’ ‘ಯಾಕ್ರೀ ಸುಳ್ಳು ಹೇಳ್ಬೇಕು?’ ಯಾರೋ ಪಾರ್ಕಿನಲ್ಲಿ ಹೇಳಿಕೊಟ್ಟಿದ್ದರು ದೊಡ್ಡಪ್ಪನಿಗೆ. ದೊಡ್ಡಮ್ಮ ಹೇಳಿದ್ದೇ ಸರಿ. ಮಗಳನ್ನ ನೋಡೋಕೆ, ಹೆರಿಗೆ ಹೊತ್ತಲ್ಲಿ ಜೊತೆಗಿರೋಕೆ ಹೋಗೋದು ಬಿ-2ಗೆ ಒಪ್ಪೋ ಕಾರಣವೇ. ಸುಳ್ಳು ಸಿಕ್ಕಿಬಿದ್ದರೆ ಮಾತ್ರ ಮುಂದಿನ ಬಾಗಿಲೂ ಮುಚ್ಚಬಹುದು.

ಇಂಟರ್‌ವ್ಯೂ ಮೂರು ನಿಮಿಷ. ಫೈಲಿನ ದಾರ ಬಿಚ್ಚಲೇ ಇಲ್ಲ. ಹತ್ತು ವರ್ಷದ ವೀಸಾ ಸಿಕ್ತು. ದೊಡ್ಡಪ್ಪನಿಗೆ ಖುಷಿಗಿಂತ ಬೇಜಾರು ಜಾಸ್ತಿ, ಅಷ್ಟು ಜೋಡಿಸಿದ್ದು ಯಾರೂ ನೋಡಲಿಲ್ಲವಲ್ಲ ಅಂತ.

ಇಲ್ಲಿ ಒಂದು ಮಾತು, ನಿಮ್ಮ ಅಪ್ಪ ಅಮ್ಮನನ್ನ ಕಳಿಸೋರು ಕಿವಿ ಕೊಟ್ಟು ಕೇಳಿ. ಹತ್ತು ವರ್ಷದ ವೀಸಾ ಅಂದ್ರೆ ಹತ್ತು ವರ್ಷ ಇರಬಹುದು ಅಂತಲ್ಲ. ಬಾಗಿಲು ತಟ್ಟೋಕೆ ಅದು ಅನುಮತಿ, ಅಷ್ಟೇ. ಎಷ್ಟು ದಿನ ಇರಬಹುದು ಅನ್ನೋದನ್ನ ತೀರ್ಮಾನ ಮಾಡೋದು ಅಲ್ಲಿ ವಿಮಾನ ಇಳಿದಾಗ ಎದುರಿಗೆ ಕೂತಿರೋ ಅಧಿಕಾರಿ. ಬಿ-2ರಲ್ಲಿ ಸಾಮಾನ್ಯವಾಗಿ ಆರು ತಿಂಗಳು. ಆ ತಾರೀಖು ಐ-94 ಅನ್ನೋ ದಾಖಲೆಯಲ್ಲಿರುತ್ತೆ. 2013ರ ತನಕ ಅದು ಪಾಸ್‌ಪೋರ್ಟಿಗೆ ಪಿನ್ ಹೊಡೆದ ಬಿಳಿ ಚೀಟಿ. ಈಗ ವೆಬ್‌ಸೈಟಿನಲ್ಲಿ ನೋಡ್ಕೋಬೇಕು. ಜಾಸ್ತಿ ಇರಬೇಕಾದರೆ ಆ ತಾರೀಖಿಗೆ ಮೊದಲೇ ಐ-539 ಅರ್ಜಿ. 1996ರ ಕಾನೂನಿನ ಪ್ರಕಾರ ಅಕ್ರಮವಾಗಿ 180 ದಿನ ಮೀರಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಉಳಿದರೆ ಹತ್ತು ವರ್ಷ ಬಾಗಿಲು ಬಂದ್.

ದೊಡ್ಡಪ್ಪನ ಲೆಕ್ಕ ಬೇರೆ. ಏಪ್ರಿಲ್ ಮಧ್ಯದಲ್ಲಿ ಹೋಗಿ ಅಕ್ಟೋಬರಿಗೆ ವಾಪಸ್. ಯಾಕಂದ್ರೆ ನವೆಂಬರಿನಲ್ಲಿ ಪಿಂಚಣಿದಾರರು ಬದುಕಿದ್ದೀವಿ ಅಂತ ಬ್ಯಾಂಕಿಗೆ ಜೀವನ ಪ್ರಮಾಣ ಪತ್ರ ಕೊಡಬೇಕು. ಮೊಬೈಲಿನಲ್ಲೇ ಆಗೋ ಕಾಲ ಆಮೇಲೆ ಬಂತು, ಡಿಜಿಟಲ್ ವ್ಯವಸ್ಥೆ ಶುರುವಾಗಿದ್ದೇ 2014ರ ನವೆಂಬರಿನಲ್ಲಿ. ಆ ದೇಶಕ್ಕೆ ‘ವಾಪಸ್ ಹೋಗ್ತೀವಿ’ ಅಂತ ತೋರಿಸಬೇಕು, ಈ ದೇಶಕ್ಕೆ ‘ಇನ್ನೂ ಇದ್ದೀವಿ’ ಅಂತ.

ಬೇರೆ ದೇಶಗಳು ಅಜ್ಜ ಅಜ್ಜಿಯರಿಗೆ ಬೇರೆಯದೇ ದಾರಿ ಮಾಡಿವೆ. ಕೆನಡಾ 2011ರಲ್ಲಿ ಸೂಪರ್ ವೀಸಾ ತಂದಿತು. 2022ರಿಂದ ಒಂದು ಸಲ ಹೋದರೆ ಐದು ವರ್ಷದ ತನಕ ಇರಬಹುದು, ಮಗ ಅಥವಾ ಮಗಳ ಆದಾಯ ತೋರಿಸಬೇಕು, ಆರೋಗ್ಯ ವಿಮೆ ಕಡ್ಡಾಯ. ಆಸ್ಟ್ರೇಲಿಯಾ 2019ರಲ್ಲಿ ಮೂರು, ಐದು ವರ್ಷದ ಪೋಷಕರ ವೀಸಾ ತಂದಿತು. ಯುರೋಪಿನ ಷೆಂಗೆನ್‌ನಲ್ಲಿ 180 ದಿನದಲ್ಲಿ 90 ದಿನ ಮಾತ್ರ, ಬಾಣಂತನಕ್ಕೆ ಸಾಕಾಗಲ್ಲ.

ಮತ್ತೆ ನಮ್ಮ ಬೆಂಗಳೂರು. ಇಷ್ಟು ಜನ ಹೋಗೋ ಊರಿಗೆ ಅಮೆರಿಕದ ಕಾನ್ಸುಲೇಟ್ ಇಲ್ಲ ಅನ್ನೋದು ಎಷ್ಟೋ ವರ್ಷದ ದೂರು. ಕೋವಿಡ್ ಆದ ಮೇಲೆ, 2022ರ ಕೊನೆಗೆ, ಮೊದಲ ಸಲ ಪ್ರವಾಸಿ ವೀಸಾ ಕೇಳೋರಿಗೆ ಭಾರತದ ಹಲವು ಕೇಂದ್ರಗಳಲ್ಲಿ ಕಾಯೋ ಅವಧಿ ಎರಡು ವರ್ಷ ದಾಟಿತ್ತು. ಮಗು ನರ್ಸರಿಗೆ ಸೇರಿಬಿಡುತ್ತೆ ಅಷ್ಟರಲ್ಲಿ. 2023ರ ಜೂನಿನಲ್ಲಿ ಬೆಂಗಳೂರಿಗೂ ಕಾನ್ಸುಲೇಟ್ ಅಂತ ಘೋಷಣೆ ಆಯ್ತು. 2025ರ ಜನವರಿ 17ಕ್ಕೆ ಉದ್ಘಾಟನೆಯೂ ಆಯ್ತು. ವೀಸಾ ಸೇವೆ ಮಾತ್ರ ಆಮೇಲೆ ಅಂದರು.

2004ರಲ್ಲಿ ಹುಟ್ಟಿದ ಆ ಮಗು, ನನ್ನ ಅಕ್ಕನ ಮಗಳು, ಈಗ ಕಾಲೇಜಿನ ಕೊನೇ ವರ್ಷ. ಮೇ ತಿಂಗಳಲ್ಲಿ ಗ್ರ್ಯಾಜುಯೇಷನ್. ‘ಅಜ್ಜಿ ಬರ್ಲೇಬೇಕು’ ಅಂತ ವಿಡಿಯೋ ಕಾಲಿನಲ್ಲಿ ಹಟ. ದೊಡ್ಡಮ್ಮನಿಗೆ 80. 2014ರಲ್ಲಿ ರಿನ್ಯೂ ಮಾಡಿಸಿದ ವೀಸಾ 2024ರಲ್ಲಿ ಮುಗಿದಿತ್ತು, ಯಾರೂ ಗಮನಿಸಿರಲಿಲ್ಲ. 79 ದಾಟಿದವರಿಗೆ ಇಂಟರ್‌ವ್ಯೂನಿಂದ ವಿನಾಯಿತಿ ಇದೆ ಅಂತ ನಾನೇ ಧೈರ್ಯ ಹೇಳಿದ್ದೆ. 2025ರ ಸೆಪ್ಟೆಂಬರ್ 2ರಿಂದ ಅದನ್ನೂ ತೆಗೆದಿದ್ದಾರೆ ಅಂತ ಆಮೇಲೆ ಗೊತ್ತಾಯ್ತು.

ಹೋದ ಭಾನುವಾರ ಡಿಎಸ್-160 ತುಂಬೋಕೆ ಅಂತ ಯಲಹಂಕಕ್ಕೆ ಹೋಗಿದ್ದೆ. ಬೀರುವಿನಿಂದ ಹಸಿರು ಫೈಲು ಈಚೆ ಬಂತು. ದೊಡ್ಡಪ್ಪ ಈಗಿಲ್ಲ. ಅವರ ಕಾಗದಗಳನ್ನ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು, ದೊಡ್ಡಮ್ಮ ಬೇರೆ ಕವರಿನಿಂದ ಹೊಸದು ಹಾಕಿದರು. ಕುಟುಂಬ ಪಿಂಚಣಿ ಆದೇಶ. ನವೆಂಬರಿನ ಜೀವನ ಪ್ರಮಾಣ. ಖಾತಾ. ಮೂರರಲ್ಲೂ ಅವರದೇ ಹೆಸರು, ಒಂದೇ ಕಾಗುಣಿತದಲ್ಲಿ.

‘ಇದನ್ನ ತೋರಿಸಿದ್ರೆ ಸಾಕಾ?’ ಅಂದರು.

‘ಬಹುಶಃ ಕೇಳೋದೂ ಇಲ್ಲ, ದೊಡ್ಡಮ್ಮ.’

‘ಕೇಳದಿದ್ರೂ ಇರ್ಲಿ ಬಿಡು,’ ಅಂತ ದಾರ ಕಟ್ಟಿದರು. ಆಮೇಲೆ ಮೇಲ್ ಇನ್ನೂ ರಾತ್ರಿ ಹೊತ್ತೇ ಹೊರಡುತ್ತಾ ಅಂತ ಕೇಳಿದರು.