ಲಾಯರ್ ಮೇಲೆ ದೂರು ಎಲ್ಲಿ ಕೊಡೋದು?

ಹೋದ ವರ್ಷ ಒಂದು ಭಾನುವಾರ ಬೆಳಗ್ಗೆ ಮನೆ ಓನರ್ ಅಂಕಲ್ ಮಹಡಿ ಹತ್ತಿ ಬಂದರು. ಬಾಗಲಗುಂಟೆಯಲ್ಲಿ ನಾನು ಬಾಡಿಗೆಗಿರೋದು ಅವರ ಮನೆಯಲ್ಲೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮಷಿನ್ ಮುಂದೆ ನಿಂತು ದುಡಿದು, ಆ ದುಡ್ಡಲ್ಲಿ ಈ ಮನೆ ಕಟ್ಟಿಸಿ, ಹೆಸರಘಟ್ಟ ರಸ್ತೆ ಕಡೆ ಒಂದು ಥರ್ಟಿ-ಫಾರ್ಟಿ ಸೈಟನ್ನೂ ಮಾಡಿಕೊಂಡವರು. ಆ ಸೈಟಿನ ಮೇಲೆ ಆರು ವರ್ಷದಿಂದ ಕೇಸು. ಅವರ ಲಾಯರು ಸಾಲಾಗಿ ನಾಲ್ಕು ವಾಯಿದೆಗೆ ಹೋಗಿಲ್ಲ. ಬೇರೆಯವರನ್ನು ಇಟ್ಟುಕೊಳ್ಳೋಣ ಅಂದರೆ ಹಳೆಯವರು ಫೈಲ್ ಕೊಡುತ್ತಿಲ್ಲ. "ಬಾಕಿ ಫೀಸು ಕೊಟ್ಟು ತಗೊಂಡು ಹೋಗಿ" ಅನ್ನುತ್ತಾರೆ. ಒರಿಜಿನಲ್ ಕ್ರಯಪತ್ರವೂ ಆ ಫೈಲಿನಲ್ಲೇ ಇದೆ.

"ನೀನು ಓದಿದೋನು, ಕಂಪ್ಯೂಟರ್‌ನಲ್ಲಿ ನೋಡಿ ಹೇಳಪ್ಪ. ಪೊಲೀಸರ ಮೇಲೆ ದೂರು ಕೊಡೋಕೆ ಜಾಗ ಇದೆ, ಡಾಕ್ಟ್ರ ಮೇಲೆ ಕೊಡೋಕೆ ಇದೆ. ಲಾಯರ್ ಮೇಲೆ ದೂರು ಎಲ್ಲಿ ಕೊಡೋದು?"

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಪಿಯುಸಿ ಓದುವಾಗ ಊರಲ್ಲಿ ಅಪ್ಪನ ಹೊಲದ ಬದುವಿನ ಮೇಲೆ ದಾವಾ ಬಿದ್ದಿತ್ತು. ತಾಲ್ಲೂಕಿನ ಲಾಯರೊಬ್ಬರು ವಕಾಲತ್ತಿಗೆ ಸಹಿ ಹಾಕಿಸಿಕೊಂಡು, "ನೀವು ಓಡಾಡೋದು ಬೇಡ ಗೌಡ್ರೇ, ನಾನು ನೋಡ್ಕೋತೀನಿ" ಅಂದಿದ್ದರು. ಎರಡು ವರ್ಷ ಆದ ಮೇಲೆ ಅಮೀನ ಮನೆ ಬಾಗಿಲಿಗೆ ಬಂದ. ನಮ್ಮ ಕಡೆಯಿಂದ ಯಾರೂ ಹಾಜರಾಗಿಲ್ಲ ಅಂತ ಎಕ್ಸ್‌ಪಾರ್ಟಿ ಡಿಕ್ರಿ ಆಗಿತ್ತು. 22 ಗುಂಟೆ ಹೋಯಿತು. ಅಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. "ಲಾಯರ್ ಮೇಲೆ ಯಾರ ಹತ್ರ ಹೇಳ್ಕೊಳ್ಳೋದು?" ಅಂತ ಅವತ್ತು ಅವರು ಕೇಳಿದ್ದಕ್ಕೆ ಊರಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಆದ್ದರಿಂದ ಈ ಸಲ ಕೂತು ಓದಿದೆ.

ಕರಿ ಕೋಟನ್ನು ಕೊಡುವವರು ಯಾರು, ಕಿತ್ತುಕೊಳ್ಳುವವರು ಯಾರು? ಇದಕ್ಕೆ ಇಂದಿನ ಉತ್ತರ ಬಂದದ್ದು 1961ರಲ್ಲಿ. ಅದಕ್ಕೂ ಮುಂಚಿನ ಕಥೆ ನಮ್ಮ ಕನ್ನಡ ನಾಡಿನಲ್ಲೇ ಚೆನ್ನಾಗಿ ಕಾಣಿಸುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ವಕೀಲರು ಬಾಂಬೆ ಹೈಕೋರ್ಟಿನ ಕೆಳಗೆ. ಮಂಗಳೂರು, ಬಳ್ಳಾರಿಯವರು ಮದ್ರಾಸ್ ಹೈಕೋರ್ಟಿನ ಕೆಳಗೆ. ಕಲಬುರಗಿ, ರಾಯಚೂರು, ಬೀದರಿನವರು ನಿಜಾಮನ ಹೈದರಾಬಾದಿನ ಕೆಳಗೆ. ಕೊಡಗಿನದೇ ಬೇರೆ ವ್ಯವಸ್ಥೆ. ಬೆಂಗಳೂರು, ಮೈಸೂರು, ತುಮಕೂರಿನವರಿಗೆ 1884ರಿಂದ ಮೈಸೂರಿನ ಚೀಫ್ ಕೋರ್ಟು, ಮುಂದೆ ಅದೇ ಹೈಕೋರ್ಟು. ಭಾಷೆ ಒಂದೇ ಆದರೂ ವಕೀಲರ ಪಟ್ಟಿಗಳು ಬೇರೆ ಬೇರೆ. ಒಂದು ಪಟ್ಟಿಯಲ್ಲಿ ಹೆಸರಿದ್ದವನು ಇನ್ನೊಂದು ಕಡೆ ಹೋಗಿ ಹಕ್ಕಿನಿಂದ ವಾದ ಮಾಡುವ ಹಾಗಿರಲಿಲ್ಲ.

ಅದರೊಳಗೆ ಮತ್ತೆ ಜಾತಿಗಳು. ಇಂಗ್ಲೆಂಡಿನಲ್ಲಿ ಓದಿ ಬಂದವರು ಬ್ಯಾರಿಸ್ಟರ್. ಅವರ ಕೆಳಗೆ ಅಡ್ವೊಕೇಟ್, ವಕೀಲ, ಪ್ಲೀಡರ್, ಮುಖ್ತಾರ್. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆ ಈ ಮೆಟ್ಟಿಲುಗಳನ್ನು ಹಾಗೇ ಉಳಿಸಿಕೊಂಡಿತ್ತು. ಹೆಂಗಸರು ವಕೀಲರಾಗಬಹುದು ಅಂತ ಕಾನೂನಾಗೋಕೆ 1923 ಬರಬೇಕಾಯಿತು. ಇವರೆಲ್ಲರ ಜುಟ್ಟು ಇದ್ದದ್ದು ಜಡ್ಜುಗಳ ಕೈಯಲ್ಲಿ. ಸನದು ಕೊಡುವವರೂ ಅವರೇ, ಕಿತ್ತುಕೊಳ್ಳುವವರೂ ಅವರೇ.

ತಪ್ಪು ಮಾಡಿದ ವಕೀಲನನ್ನು ಜಡ್ಜು ಶಿಕ್ಷಿಸಿದರೆ ಏನು ತೊಂದರೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, 1919ರ ಕಥೆ ಓದುವ ತನಕ. ಆ ವರ್ಷ ಗಾಂಧೀಜಿ ರೌಲತ್ ಕಾಯ್ದೆಯ ವಿರುದ್ಧ ಸತ್ಯಾಗ್ರಹದ ಪ್ರತಿಜ್ಞೆ ಬರೆದರು. ಅಹಮದಾಬಾದಿನ ಕೆಲವು ಬ್ಯಾರಿಸ್ಟರುಗಳು ಮತ್ತು ಪ್ಲೀಡರುಗಳು ಅದಕ್ಕೆ ಸಹಿ ಹಾಕಿದರು. ಕಾನೂನು ಮುರಿಯುತ್ತೇವೆ ಅಂತ ಸಹಿ ಹಾಕಿದವರು ವಕೀಲರಾಗಿ ಇರಬಹುದಾ ಅಂತ ಅಲ್ಲಿನ ಜಿಲ್ಲಾ ನ್ಯಾಯಾಧೀಶರು ಬಾಂಬೆ ಹೈಕೋರ್ಟಿಗೆ ಪತ್ರ ಬರೆದರು. ಹೈಕೋರ್ಟು ಆ ವಕೀಲರನ್ನು ಕರೆಸಿ ವಿಚಾರಿಸಿ, ಎಚ್ಚರಿಕೆ ಕೊಟ್ಟು ಬಿಟ್ಟಿತು. ಆ ಪತ್ರವನ್ನು 'ಯಂಗ್ ಇಂಡಿಯಾ'ದಲ್ಲಿ ಅಚ್ಚು ಹಾಕಿದ್ದಕ್ಕೆ 1920ರಲ್ಲಿ ಗಾಂಧೀಜಿಯೇ ಹೈಕೋರ್ಟಿನಿಂದ ಛೀಮಾರಿ ಹಾಕಿಸಿಕೊಂಡರು. 1922ರಲ್ಲಿ ಅವರಿಗೆ ರಾಜದ್ರೋಹದ ಶಿಕ್ಷೆಯಾದ ಮೇಲೆ ಲಂಡನ್ನಿನ ಇನ್ನರ್ ಟೆಂಪಲ್ ತನ್ನ ಬ್ಯಾರಿಸ್ಟರುಗಳ ಪಟ್ಟಿಯಿಂದ ಅವರ ಹೆಸರನ್ನೇ ಹೊಡೆದುಹಾಕಿತು. ಮತ್ತೆ ಸೇರಿಸಿದ್ದು 1988ರಲ್ಲಿ!

ಧಾರವಾಡದ ವಕೀಲರೂ ಅದೇ ಬಾಂಬೆ ಹೈಕೋರ್ಟಿನ ಕೈಕೆಳಗೆ ಇದ್ದವರು ಅನ್ನೋದನ್ನು ನೆನಪಿಡಿ. ಸತ್ಯಾಗ್ರಹಕ್ಕೆ ಮೊದಮೊದಲು ಕೈಜೋಡಿಸಿದ ಕನ್ನಡಿಗರಲ್ಲಿ ಒಬ್ಬರಾದ ಕಾರ್ನಾಡ್ ಸದಾಶಿವರಾಯರು ಮಂಗಳೂರಿನ ವಕೀಲರು. ಸರ್ಕಾರದ ವಿರುದ್ಧ ನಿಲ್ಲುವ ವಕೀಲನ ಅನ್ನ ಸರ್ಕಾರವೇ ನೇಮಿಸಿದ ಜಡ್ಜಿನ ಕೈಯಲ್ಲಿದ್ದರೆ ಎಷ್ಟು ಜನ ಎದ್ದು ನಿಲ್ಲುತ್ತಾರೆ? ನಮ್ಮನ್ನು ನಾವೇ ನೋಡಿಕೊಳ್ಳುತ್ತೇವೆ ಅಂತ ವಕೀಲರು ಕೇಳಿದ್ದರ ಹಿಂದೆ ಬರೀ ಸ್ವಾರ್ಥ ಇರಲಿಲ್ಲ.

1926ರಲ್ಲಿ ಬ್ರಿಟಿಷರು ಬಾರ್ ಕೌನ್ಸಿಲ್ ಕಾಯ್ದೆ ತಂದರು. ಆದರೆ ಅದು ಅರ್ಧ ಬಾಗಿಲು ತೆರೆದ ಹಾಗೆ. ಕೌನ್ಸಿಲ್‌ನವರು ವಿಚಾರಣೆ ಮಾಡಿ ವರದಿ ಕೊಡಬಹುದು, ಕೊನೆ ಮಾತು ಹೈಕೋರ್ಟಿನದೇ. ಸ್ವಾತಂತ್ರ್ಯ ಬಂದ ಮೇಲೆ, 1951ರಲ್ಲಿ, ಕೇಂದ್ರ ಸರ್ಕಾರ ಎಸ್.ಆರ್. ದಾಸ್ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಬಾರ್ ಸಮಿತಿ ಮಾಡಿತು. 1953ರಲ್ಲಿ ಬಂದ ಅವರ ವರದಿ ಹೇಳಿದ್ದು ಇಷ್ಟು: ದೇಶಕ್ಕೆಲ್ಲ ಒಂದೇ ಪಟ್ಟಿ ಇರಲಿ, ರಾಜ್ಯಕ್ಕೊಂದು ಪರಿಷತ್ತು, ಮೇಲೊಂದು ರಾಷ್ಟ್ರೀಯ ಪರಿಷತ್ತು. ಇತ್ತ 1956ರ ನವೆಂಬರ್ 1ಕ್ಕೆ ಹರಿದು ಹಂಚಿಹೋಗಿದ್ದ ಕನ್ನಡ ಜಿಲ್ಲೆಗಳು ಒಂದಾದವು. ಬೇರೆ ಬೇರೆ ಪಟ್ಟಿಗಳ ವಕೀಲರು ಒಂದೇ ಹೈಕೋರ್ಟಿನ ಕೆಳಗೆ ಬಂದರು. ಅವರಿಗೆ ಒಂದೇ ಕಾನೂನು ಬೇಕಾಗಿತ್ತು.

ಅದು ಬಂದದ್ದು 1961ರ ಮೇ 19ಕ್ಕೆ, ಅಡ್ವೊಕೇಟ್ಸ್ ಕಾಯ್ದೆಯಾಗಿ. ಮುಖ್ತಾರ್, ಪ್ಲೀಡರ್ ಮೆಟ್ಟಿಲುಗಳು ಹೋಗಿ ಎಲ್ಲರೂ ಅಡ್ವೊಕೇಟ್ ಆದರು. ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಹುಟ್ಟಿತು. ಆಗಿನ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಮೊದಲ ಅಧ್ಯಕ್ಷರು. ನಮ್ಮಲ್ಲಿ ಮೈಸೂರು ರಾಜ್ಯದ ಪರಿಷತ್ತು ಬಂತು, ಮುಂದೆ ಅದೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಒಂದು ತಮಾಷೆ ಕೇಳಿ. ಪಟ್ಟಿಯಲ್ಲಿರುವ ವಕೀಲ ದೇಶದ ಯಾವ ಕೋರ್ಟಿನಲ್ಲಾದರೂ ಹಕ್ಕಿನಿಂದ ವಾದಿಸಬಹುದು ಅನ್ನುವ 30ನೇ ಸೆಕ್ಷನ್ ಜಾರಿಯಾದದ್ದು 2011ರ ಜೂನ್ 15ರಂದು. ಕೋಡ್ ಬರೆದು ಪ್ರೊಡಕ್ಷನ್‌ಗೆ ಹಾಕೋಕೆ ಐವತ್ತು ವರ್ಷ. ನಮ್ಮ ಮ್ಯಾನೇಜರ್ ಇದ್ದಿದ್ದರೆ ಏನಾಗ್ತಿತ್ತೋ!

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕೋರ್ಟ್ ಆವರಣದಲ್ಲಿ ಕಾಣುವ ವಕೀಲರ ಸಂಘ ಬೇರೆ, ವಕೀಲರ ಪರಿಷತ್ತು ಬೇರೆ. ಸಂಘ ಅಂದರೆ ಲೈಬ್ರರಿ, ಕ್ಯಾಂಟೀನು, ಚುನಾವಣೆ, ಮುಷ್ಕರದ ಕರೆ. ಅದಕ್ಕೆ ಯಾರ ಸನದನ್ನೂ ಕಿತ್ತುಕೊಳ್ಳುವ ಅಧಿಕಾರ ಇಲ್ಲ. ಪರಿಷತ್ತು ಕಾನೂನಿನಿಂದ ಹುಟ್ಟಿದ್ದು. ಅಮೆರಿಕದಲ್ಲಿ 1878ರಿಂದ ಇರುವ ಅಮೆರಿಕನ್ ಬಾರ್ ಅಸೋಸಿಯೇಷನ್ ಹೆಸರಿಗೆ ದೊಡ್ಡದು. ಅದು ಮಾದರಿ ನಿಯಮ ಬರೆಯುತ್ತದೆ, ಲಾ ಕಾಲೇಜುಗಳಿಗೆ ಮಾನ್ಯತೆ ಕೊಡುತ್ತದೆ. ಆದರೆ ಲೈಸೆನ್ಸು ಕೊಡೋದು, ತೆಗೆಯೋದು ಅಲ್ಲಿನ ರಾಜ್ಯಗಳ ಕೈಯಲ್ಲಿ. ನಮ್ಮಲ್ಲಿ ನೋಂದಣಿ, ನಿಯಮ, ಕಾನೂನು ಶಿಕ್ಷಣದ ಮಟ್ಟ, ಶಿಕ್ಷೆ ಎಲ್ಲವೂ ಪರಿಷತ್ತುಗಳದೇ. ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಶುರುವಾದದ್ದೂ ಭಾರತೀಯ ಪರಿಷತ್ತಿನ ಪ್ರಯತ್ನದಿಂದ. 1986ರಲ್ಲಿ ಕರ್ನಾಟಕ ಅದಕ್ಕೆ ಕಾಯ್ದೆ ಮಾಡಿತು, 1988ರಲ್ಲಿ ಮಾಧವ ಮೆನನ್ ಅವರ ಕೈಯಲ್ಲಿ ಪಾಠ ಶುರುವಾಯಿತು. ಯಾವುದಾದರೂ ಲಾ ಫರ್ಮ್ ವೆಬ್‌ಸೈಟ್ ತೆರೆದಾಗ 'ಇದು ಜಾಹೀರಾತಲ್ಲ, ನಾನು ಒಪ್ಪುತ್ತೇನೆ' ಅಂತ ಒಂದು ಪಾಪ್‌ಅಪ್ ಬರುತ್ತದಲ್ಲ, ಅದರ ಹಿಂದಿರುವುದೂ ಪರಿಷತ್ತಿನ 36ನೇ ನಿಯಮ. ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. 2008ರಲ್ಲಿ ಹೆಸರು, ವಿಳಾಸ, ಓದು, ಪರಿಣತಿಯಂಥ ವಿವರ ಮಾತ್ರ ವೆಬ್‌ಸೈಟಿನಲ್ಲಿ ಹಾಕಬಹುದು ಅಂತ ಸಡಿಲ ಮಾಡಿದರು.

ಈಗ ಅಂಕಲ್ ಪ್ರಶ್ನೆಗೆ ಬರೋಣ. 35ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ರಾಜ್ಯ ಪರಿಷತ್ತಿಗೆ ದೂರು ಕೊಡಬಹುದು. ದೂರು ಅರ್ಜಿಯ ರೂಪದಲ್ಲಿರಬೇಕು, ಬರೆದದ್ದು ನಿಜ ಅಂತ ಪ್ರಮಾಣೀಕರಿಸಿ ಸಹಿ ಹಾಕಬೇಕು. ಕನ್ನಡದಲ್ಲೇ ಬರೆಯಬಹುದು. ಹುರುಳಿದೆ ಅನ್ನಿಸಿದರೆ ಮೂರು ಜನರ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿ ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಒಂದಷ್ಟು ಕಾಲ ಅಮಾನತಿನಲ್ಲಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದೊಳಗೆ ಮುಗಿಸದಿದ್ದರೆ ಪ್ರಕರಣ ಭಾರತೀಯ ಪರಿಷತ್ತಿಗೆ ಹೋಗುತ್ತದೆ. ಅಲ್ಲಿನ ತೀರ್ಮಾನ ಒಪ್ಪದವರು ಸುಪ್ರೀಂ ಕೋರ್ಟಿಗೆ ಹೋಗಬಹುದು.

ಫೈಲ್ ಹಿಡಿದಿಟ್ಟುಕೊಂಡ ವಿಷಯವಂತೂ ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದಿದೆ. ಭೋಪಾಲದ ವಕೀಲರೊಬ್ಬರು ಸಹಕಾರಿ ಬ್ಯಾಂಕಿನ ಫೈಲುಗಳನ್ನು ಫೀಸು ಬಾಕಿ ಅಂತ ಇಟ್ಟುಕೊಂಡಿದ್ದರು. ದೂರು ಕೊಟ್ಟರೆ ಅಲ್ಲಿನ ರಾಜ್ಯ ಪರಿಷತ್ತು ವರ್ಷದೊಳಗೆ ಮುಗಿಸಲಿಲ್ಲ. ಪ್ರಕರಣ ಭಾರತೀಯ ಪರಿಷತ್ತಿಗೆ ಹೋಯಿತು. ಅವರು 18 ತಿಂಗಳು ಅಮಾನತು, ಜೊತೆಗೆ ದಂಡ ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಛೀಮಾರಿಗೆ ಇಳಿಸಿತು, ಆದರೆ ನಿಯಮವನ್ನು ಗಟ್ಟಿಯಾಗಿ ಹೇಳಿತು: ಫೀಸು ಬಾಕಿ ಇದ್ದರೆ ವಸೂಲಿಗೆ ಬೇರೆ ದಾರಿ ಇದೆ, ಕಕ್ಷಿದಾರನ ಫೈಲನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲನಿಗಿಲ್ಲ. ಇದೇ ಆರ್.ಡಿ. ಸಕ್ಸೇನಾ ಪ್ರಕರಣ.

ಇದನ್ನೆಲ್ಲ ಖುಷಿಯಿಂದ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು. "ಆ ಮೂರು ಜನ ಯಾರಪ್ಪ?"

"ಅವರೂ ವಕೀಲರೇ ಅಪ್ಪ."

"ಹಂಗಾದ್ರೆ ಸರಿಹೋಯ್ತು ಬಿಡು."

ಅಪ್ಪನ ಈ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಸಮಿತಿಯ ಮೂವರಲ್ಲಿ ಇಬ್ಬರು ಪರಿಷತ್ತಿನ ಸದಸ್ಯರು, ಒಬ್ಬರು ಹೊರಗಿನ ಅನುಭವಿ ವಕೀಲರು. ದೂರು ಕೊಡುವ ನಮ್ಮಂಥವರ ಕಡೆಯವರು ಒಬ್ಬರೂ ಇಲ್ಲ. ಕರ್ನಾಟಕದಂಥ ದೊಡ್ಡ ರಾಜ್ಯದ ಪರಿಷತ್ತಿಗೆ 25 ಜನರನ್ನು ಆರಿಸುವವರು ವಕೀಲರು. ಯಾರ ಓಟು ಕೇಳಬೇಕೋ ಅವರ ಮೇಲೇ ಕ್ರಮ ತೆಗೆದುಕೊಳ್ಳಬೇಕು. ಇಂಗ್ಲೆಂಡಿನವರಿಗೆ ಈ ತೊಡಕು ಅರ್ಥವಾಗಿ 2007ರ ಕಾನೂನಿನಲ್ಲಿ ವಕೀಲರ ಪರ ಮಾತಾಡುವ ಸಂಸ್ಥೆಯನ್ನೂ ಅವರನ್ನು ನಿಯಂತ್ರಿಸುವ ಸಂಸ್ಥೆಯನ್ನೂ ಬೇರೆ ಮಾಡಿದರು. ನಾವು ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿದ್ದೇವೆ. 2002ರಲ್ಲಿ ಹರೀಶ್ ಉಪ್ಪಲ್ ಪ್ರಕರಣದಲ್ಲಿ ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ಆಮೇಲೂ ಕಲಾಪ ಬಹಿಷ್ಕಾರದ ಸುದ್ದಿ ಓದುತ್ತಲೇ ಇದ್ದೇವೆ. 2024ರ ಜುಲೈನಲ್ಲಿ, ಕಾಯ್ದೆಯಲ್ಲಿ 750 ರೂಪಾಯಿ ಇರುವ ನೋಂದಣಿ ಶುಲ್ಕಕ್ಕೆ ಪರಿಷತ್ತುಗಳು ಸಾವಿರಾರು ರೂಪಾಯಿ ಕೇಳುವ ಹಾಗಿಲ್ಲ ಅಂತ ಅದೇ ಕೋರ್ಟು ಹೇಳಬೇಕಾಯಿತು.

ಅದೇ ವರ್ಷ ಮೇ 14ರಂದು ಇನ್ನೊಂದು ತೀರ್ಪು ಬಂತು: ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಗೆ ಸೇರುವುದಿಲ್ಲ. ಅಂದರೆ ಗ್ರಾಹಕರ ಕೋರ್ಟಿನ ಬಾಗಿಲು ಮುಚ್ಚಿತು. ನಷ್ಟ ಕೇಳಿ ಸಿವಿಲ್ ದಾವಾ ಹಾಕಬಹುದು, ಮೋಸವಾಗಿದ್ದರೆ ಪೊಲೀಸರ ಹತ್ತಿರ ಹೋಗಬಹುದು. ಆದರೆ ಒಬ್ಬ ಲಾಯರಿಂದ ಸೋತವನು ಇನ್ನೊಬ್ಬ ಲಾಯರನ್ನು ಹಿಡಿದು ಮತ್ತೆ ಹತ್ತು ವರ್ಷ ಕೋರ್ಟು ಅಲೆಯುತ್ತಾನಾ? ಅವನಿಗೆ ಉಳಿದ ಹತ್ತಿರದ ಬಾಗಿಲು ಪರಿಷತ್ತಿನದೇ.

ಹಾಗಾದರೆ ಈ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟುಬಿಡೋಣವಾ? 1919 ನೆನಪಾದರೆ ನನಗೆ ಬೇಡ ಅನ್ನಿಸುತ್ತದೆ. ನಾಳೆ ಸರ್ಕಾರದ ವಿರುದ್ಧವೇ ನಮ್ಮ ಪರ ನಿಲ್ಲಬೇಕಾದವರು ವಕೀಲರು. ಅವರ ಸ್ವಾತಂತ್ರ್ಯ ಇರೋದು ನಮಗಾಗಿ. ಸಮಿತಿಯಲ್ಲಿ ಹೊರಗಿನವರೊಬ್ಬರು ಕೂತರೆ, ಎಷ್ಟು ದೂರು ಬಂತು, ಎಷ್ಟು ಮುಗಿಯಿತು ಅಂತ ಪ್ರತಿ ವರ್ಷ ಬಾಗಿಲಿಗೆ ಅಂಟಿಸಿದರೆ, ಪ್ರತಿ ತಾಲ್ಲೂಕು ಕೋರ್ಟಿನಲ್ಲಿ ದೂರು ಕೊಡುವ ವಿಳಾಸದ ಕನ್ನಡ ಬೋರ್ಡು ಹಾಕಿದರೆ, ಆ ಸ್ವಾತಂತ್ರ್ಯಕ್ಕೆ ಧಕ್ಕೆ ಬರುವುದಿಲ್ಲ. ಮರ್ಯಾದೆ ಹೆಚ್ಚುತ್ತದೆ. ದಿನವೂ ನ್ಯಾಯವಾಗಿ ಕೆಲಸ ಮಾಡುವ ವಕೀಲರಿಗೂ ಅದರಿಂದ ಲಾಭವೇ.

ಅಂಕಲ್ ವಿಷಯ ಏನಾಯ್ತು ಅಂತ ಕೇಳುತ್ತೀರಿ. ನಾವಿಬ್ಬರೂ ಕೂತು ಒಂದು ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಫೈಲ್ ವಾಪಸ್ ಕೊಡಿ, ನ್ಯಾಯವಾದ ಫೀಸಿನ ಲೆಕ್ಕ ಬೇರೆ ಮಾತಾಡೋಣ ಅಂತ ಬರೆದು, ಸಕ್ಸೇನಾ ಪ್ರಕರಣದ ಹೆಸರು ಹಾಕಿ, ಇಲ್ಲವಾದರೆ ರಾಜ್ಯ ಪರಿಷತ್ತಿಗೆ ಹೋಗುತ್ತೇವೆ ಅಂತ ಮುಗಿಸಿದೆವು. ಎರಡು ವಾರಕ್ಕೆ ಫೈಲ್ ಬಂತು, ಕ್ರಯಪತ್ರವೂ ಇತ್ತು. ಕೇಸು ಇನ್ನೂ ನಡೆಯುತ್ತಿದೆ. ಈಗ ಪ್ರತಿ ವಾಯಿದೆಗೂ ಅಂಕಲ್ ತಾವೇ ಮೆಟ್ರೋ ಹತ್ತಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ.

ಅಪ್ಪನ 22 ಗುಂಟೆ ಮಾತ್ರ ವಾಪಸ್ ಬರಲ್ಲ. ಅದರ ಕಾಲ ಮುಗಿದುಹೋಗಿದೆ. ನಿಮ್ಮ ಊರಲ್ಲೂ ವಕಾಲತ್ತಿಗೆ ಸಹಿ ಹಾಕಿ ಮನೆಗೆ ಬಂದು ಕೂತವರು ಇರುತ್ತಾರೆ. ಈ ಸಲ ಹಬ್ಬಕ್ಕೆ ಹೋದಾಗ ಅವರ ಕೇಸ್ ನಂಬರ್ ಇಸ್ಕೊಂಡು, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ, ಮುಂದಿನ ತಾರೀಖು ಯಾವಾಗ ಅಂತ ನೋಡಿ ಹೇಳಿ. ಎರಡು ನಿಮಿಷದ ಕೆಲಸ.